ದಾರೆಹುಳಿಯಿಂದ ಹಸಿರು ಬನಾತಿನವರೆಗೆ: ಬಿಲಿಯರ್ಡ್ಸ್ ಮೇಜು ಯಾರ ಮನೆಯದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಹಿತ್ತಲುಗಳಲ್ಲಿ ದಾರೆಹುಳಿಯ ಮರ ಅಪರೂಪವಲ್ಲ. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಈ ಕಾಯಿ ಉಪ್ಪಿನಕಾಯಿಗೆ ಸೇರುತ್ತದೆ. ಉಳಿದದ್ದು ಉಪ್ಪು, ಮೆಣಸಿನ ಪುಡಿಯೊಂದಿಗೆ ಮಕ್ಕಳ ಬಾಯಿಗೆ. ಮರಾಠಿ, ಕೊಂಕಣಿಗಳಲ್ಲಿ ಇದರ ಹೆಸರು ಕರಂಬಲ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಈ ಹೆಸರನ್ನು ಎತ್ತಿಕೊಂಡು ಕರಂಬೋಲ ಎಂದರು. ಮುಂದೆ ಯುರೋಪಿನ ಬಿಲಿಯರ್ಡ್ಸ್ ಮೇಜಿನ ಮೇಲಿನ ಕೆಂಪು ಚೆಂಡಿಗೂ ಫ್ರೆಂಚರು ಕರಂಬೋಲ್ ಎಂದೇ ಹೆಸರಿಟ್ಟರು. ಹಣ್ಣಿನ ಹೆಸರೇ ಚೆಂಡಿಗೆ ಬಂದಿರಬೇಕು ಎಂಬುದು ಪದಮೂಲವನ್ನು ಅರಸುವ ಪಂಡಿತರಲ್ಲಿ ಹಲವರ ಊಹೆ. ಒಂದು ಚೆಂಡು ಇನ್ನೆರಡು ಚೆಂಡುಗಳಿಗೆ ತಾಗುವ ಹೊಡೆತಕ್ಕೂ ಅದೇ ಹೆಸರು ಅಂಟಿತು. ಇಂಗ್ಲಿಷರ ನಾಲಿಗೆಯಲ್ಲಿ ಅದು ಕ್ಯಾರಮ್ ಎಂದು ಮೊಟಕಾಯಿತು. ನಮ್ಮ ಯುವಕ ಮಂಡಲಗಳ ಕೋಣೆಯಲ್ಲಿ, ಮಳೆಗಾಲದ ಸಂಜೆಗಳಲ್ಲಿ, ಬೋರಿಕ್ ಪುಡಿ ಚಿಮುಕಿಸಿಕೊಂಡು ಆಡುವ ಕೇರಂ ಬೋರ್ಡಿನ ಹೆಸರಿನ ಬೇರು ಅಲ್ಲಿದೆ.

ಹೀಗೆ ನೋಡಿದರೆ ಬಿಲಿಯರ್ಡ್ಸ್ ನಮಗೆ ತೀರಾ ಅಪರಿಚಿತವಾಗಬೇಕಾದ ಆಟವಲ್ಲ. ಅದರ ಕಿರಿಯ ಸಂಬಂಧಿಯಾದ ಸ್ನೂಕರ್‌ಗೆ ನಿಯಮಗಳು ರೂಪುಗೊಂಡದ್ದು ನೆರೆಯ ಊಟಿಯಲ್ಲಿ. ಎರಡೂ ಆಟಗಳಲ್ಲಿ ಸೇರಿ ಅತಿ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದ ಆಟಗಾರ ಬೆಂಗಳೂರಿನವರು. ಆದರೂ ಕರ್ನಾಟಕದ ಬಹುಪಾಲು ಜನ ಹಸಿರು ಬನಾತು ಹೊದೆಸಿದ ಆ ಮೇಜನ್ನು ಕಂಡಿರುವುದು ಸಿನಿಮಾದಲ್ಲಿ. ಅದೂ ಖಳನಾಯಕನ ಬಂಗಲೆಯಲ್ಲಿ. ಈ ಅಂತರಕ್ಕೆ ಕಾರಣ ಆಟದ ಕಷ್ಟವಲ್ಲ, ಮೇಜು. ಮೇಜು ಯಾರ ಕೋಣೆಯಲ್ಲಿದೆ, ಆ ಕೋಣೆಯೊಳಗೆ ಯಾರಿಗೆ ಪ್ರವೇಶವಿದೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದೇ ಈ ಆಟದ ಇತಿಹಾಸವನ್ನು ಆದಿಯಿಂದ ಇಂದಿನವರೆಗೆ ನಡೆಸಿಕೊಂಡು ಬಂದಿದೆ.

ಕೇರಂ ಬಲ್ಲವರಿಗೆ ಬಿಲಿಯರ್ಡ್ಸ್

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಮೂರೂ ಬೇರೆ ಬೇರೆ ಆಟಗಳು. ಮೂರರಲ್ಲಿಯೂ ಕ್ಯೂ ಎಂಬ ಮರದ ಕೋಲಿನಿಂದ ಚೆಂಡನ್ನು ತಳ್ಳುವುದು ಸಮಾನ ಅಂಶ.

ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಇರುವುದು ಮೂರೇ ಚೆಂಡು. ಆಟಗಾರರಿಬ್ಬರಿಗೆ ಒಂದೊಂದು, ಮೂರನೆಯದು ಕೆಂಪು. ತನ್ನ ಚೆಂಡು ಉಳಿದೆರಡಕ್ಕೂ ತಾಗಿದರೆ ಎರಡು ಅಂಕ. ಕೆಂಪು ಚೆಂಡನ್ನು ಕಿಸೆಗೆ ಬೀಳಿಸಿದರೆ ಅಥವಾ ಕೆಂಪಿಗೆ ತಾಗಿ ತನ್ನದೇ ಚೆಂಡು ಕಿಸೆ ಸೇರಿದರೆ ಮೂರು. ಎದುರಾಳಿಯ ಚೆಂಡಿನ ಮೂಲಕ ಇದೇ ಕೆಲಸ ಸಾಧಿಸಿದರೆ ಎರಡು. ಕೇರಂನಲ್ಲಿ ಸ್ಟ್ರೈಕರ್ ಕಿಸೆಗೆ ಬಿದ್ದರೆ ದಂಡ. ಇಲ್ಲಿ ಅದಕ್ಕೆ ಬಹುಮಾನ! ಕೇರಂ ಆಡಿ ಬೆಳೆದವನಿಗೆ ಮೊದಲ ದಿನ ಮನಸ್ಸು ಒಪ್ಪದ ನಿಯಮವಿದ್ದರೆ ಇದೊಂದೇ. ಉಳಿದಂತೆ ಅಂಚಿಗೆ ಬಡಿದು ಹಿಂದಿರುಗುವ ಕೋನದ ಲೆಕ್ಕ, ತೆಳುವಾಗಿ ತಾಗಿಸಿ ಕತ್ತರಿಸುವ ಹೊಡೆತ, ಈ ಕಾಯಿ ಬೀಳಿಸಿದ ಮೇಲೆ ಮುಂದಿನದಕ್ಕೆ ಎಲ್ಲಿ ನಿಲ್ಲಬೇಕೆಂಬ ಮುಂದಾಲೋಚನೆ ಎಲ್ಲವೂ ಅವನ ಕೈಬೆರಳುಗಳಿಗೆ ಆಗಲೇ ತಿಳಿದಿರುತ್ತದೆ.

ಸ್ನೂಕರ್‌ನಲ್ಲಿ ಚೆಂಡುಗಳು 22. ತಲಾ ಒಂದು ಅಂಕದ 15 ಕೆಂಪು; ಹಳದಿಯ 2ರಿಂದ ಕಪ್ಪಿನ 7ರವರೆಗೆ ಏರುವ ಆರು ಬಣ್ಣದ ಚೆಂಡುಗಳು; ಹೊಡೆಯಲು ಬಿಳಿ. ಒಂದು ಕೆಂಪು, ಬಳಿಕ ಒಂದು ಬಣ್ಣ, ಮತ್ತೆ ಕೆಂಪು ಎಂಬ ಕ್ರಮ. ಪ್ರತಿ ಕೆಂಪಿನ ಜೊತೆಗೂ ಕಪ್ಪನ್ನೇ ಬೀಳಿಸಿ ಕೊನೆಗೆ ಎಲ್ಲ ಬಣ್ಣಗಳನ್ನೂ ಮುಗಿಸಿದರೆ 147. ಈ ಸಂಖ್ಯೆಗೆ ಸ್ನೂಕರ್ ಲೋಕದಲ್ಲಿ ನೂರೆಂಟಕ್ಕೆ ನಮ್ಮಲ್ಲಿರುವಷ್ಟೇ ಗೌರವ. ಪೂಲ್ ಅಮೆರಿಕದಲ್ಲಿ ಬೆಳೆದ ಆಟ. ಮೇಜು ಚಿಕ್ಕದು, ಚೆಂಡು ದೊಡ್ಡದು, ಆಟ ಬೇಗ ಮುಗಿಯುತ್ತದೆ.

ಬಿಲಿಯರ್ಡ್ಸ್‌ನ ಪೂರ್ವಜ ಯುರೋಪಿನ ಹುಲ್ಲುಗಾವಲಿನಲ್ಲಿ ಕೋಲಿನಿಂದ ಚೆಂಡು ತಳ್ಳುತ್ತಿದ್ದ ಆಟ. 15ನೇ ಶತಮಾನದ ಹೊತ್ತಿಗೆ ಅದು ಅರಮನೆಗಳ ಒಳಗೆ ಬಂದು ಮೇಜಿನ ಮೇಲೇರಿತು. ಬನಾತಿನ ಹಸಿರು ಹುಲ್ಲಿನ ನೆನಪು. ಚೆಂಡುಗಳು ಬಹುಕಾಲ ಆನೆಯ ದಂತದವು. ಒಂದು ದಂತದಿಂದ ನಾಲ್ಕಾರು ಒಳ್ಳೆಯ ಚೆಂಡುಗಳಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ ಎಂದರೆ ಆಟದ ಬೆಲೆಯನ್ನು ಆನೆಗಳು ಎಷ್ಟು ತೆತ್ತಿರಬೇಕೆಂದು ಊಹಿಸಬಹುದು. ದಂತಕ್ಕೆ ಬದಲಿ ಹುಡುಕುತ್ತ 1869ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ತಯಾರಿಸಿದ. ಅದೇ ವಸ್ತು ಮುಂದೆ ಸಿನಿಮಾ ರೀಲು ಆದದ್ದು ಬೇರೆ ಕಥೆ.

ಊಟಿಯ ಗೋಡೆಯ ಮೇಲೆ ತೂಗಿದ ನಿಯಮ

ಬಂಡೀಪುರದ ಕಾಡು ದಾಟಿ ಘಟ್ಟ ಹತ್ತಿದರೆ ಸಿಗುವ ಊಟಿ ಒಂದು ಕಾಲಕ್ಕೆ ಮೈಸೂರು ಅರಸರ ಬೇಸಗೆಯ ವಾಸಸ್ಥಾನವೂ ಆಗಿತ್ತು. ಅಲ್ಲಿನ ಫರ್ನ್‌ಹಿಲ್ ಅರಮನೆ ಅವರದೇ. ಮದರಾಸಿನ ಬ್ರಿಟಿಷ್ ಅಧಿಕಾರಿಗಳೂ ಬೇಸಗೆಯಲ್ಲಿ ಅಲ್ಲಿಗೇ ಹತ್ತುತ್ತಿದ್ದರು. ಅವರ ಬಿಡುವಿನ ತಾಣ ಊಟಿ ಕ್ಲಬ್. ಅಲ್ಲಿನ ಬಿಲಿಯರ್ಡ್ಸ್ ಕೋಣೆಗೆ 1880ರ ದಶಕದ ಆರಂಭದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಬಂದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್‌ಗೂ ಈತನಿಗೂ ಸಂಬಂಧವಿಲ್ಲ.

ಈತ 1875ರಲ್ಲಿ ಜಬಲ್‌ಪುರದ ಸೇನಾ ಠಾಣ್ಯದಲ್ಲಿದ್ದಾಗ ಮಳೆಗಾಲದ ಬೇಸರ ಕಳೆಯಲು ಆಗ ಚಾಲ್ತಿಯಲ್ಲಿದ್ದ ಪಣದ ಆಟಗಳಿಗೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸದೊಂದನ್ನು ಹೂಡಿದ್ದ. ಸುಲಭದ ಹೊಡೆತ ತಪ್ಪಿಸಿಕೊಂಡ ಜೊತೆಗಾರನನ್ನು ಆತ ‘ಸ್ನೂಕರ್’ ಎಂದು ಛೇಡಿಸಿದನಂತೆ. ಅದು ಇಂಗ್ಲೆಂಡಿನ ಸೇನಾ ಶಾಲೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಬಳಸುತ್ತಿದ್ದ ಗೇಲಿಯ ಮಾತು. ಎಲ್ಲರೂ ಈ ಆಟಕ್ಕೆ ಹೊಸಬರೇ ಎಂಬ ಸಮಾಧಾನದೊಂದಿಗೆ ಅದೇ ಹೆಸರು ಆಟಕ್ಕೆ ನಿಂತಿತು. ಊಟಿಗೆ ಬಂದ ಮೇಲೆ ನಿಯಮಗಳನ್ನು ಬರೆದು ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ತೂಗಿಹಾಕಲಾಯಿತು. ಈ ಕಥೆಯನ್ನು ಚೇಂಬರ್ಲೇನ್ ಸ್ವತಃ ಲೋಕಕ್ಕೆ ಹೇಳಿದ್ದು 1938ರಲ್ಲಿ, ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ. ಆ ಹೊತ್ತಿಗೆ ಆತನಿಗೆ 80 ದಾಟಿತ್ತು.

ಆ ಕೋಣೆಯೊಳಗೆ ಭಾರತೀಯರಿಗೆ ಸಿಕ್ಕ ಕೆಲಸ ಅಂಕ ಗುರುತಿಸುವುದು, ಮೇಜು ಉಜ್ಜುವುದು, ಚೆಂಡು ಎತ್ತಿಕೊಡುವುದು. ಈ ದೇಶದ ಹಳೆಯ ಕ್ಲಬ್ಬುಗಳಲ್ಲಿ ‘ಮಾರ್ಕರ್’ ಎಂದು ಕರೆಯಲ್ಪಡುತ್ತಿದ್ದ ಈ ನೌಕರರು ಸದಸ್ಯರಿಗೆ ಜೊತೆಯಾಟಗಾರರೂ ಆಗಬೇಕಿತ್ತು. ಆಟದ ಚರಿತ್ರೆ ಬರೆದವರು ಚೇಂಬರ್ಲೇನನ ಹೆಸರನ್ನು ಉಳಿಸಿದರು. ಮಾರ್ಕರುಗಳ ಹೆಸರುಗಳನ್ನು ಯಾರೂ ಗೋಡೆಗೆ ತೂಗಿಹಾಕಲಿಲ್ಲ.

ಹೊಟ್ಟೆಪಾಡಿನ ಆಟ

ಯಕ್ಷಗಾನದ ನಾಡಿನಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಬೆಳ್ತಂಗಡಿ ತಾಲ್ಲೂಕಿನದೇ ಆದ ಧರ್ಮಸ್ಥಳ ಮೇಳ ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ, ಕಲಾವಿದನಿಗೆ ಸಂಬಳವುಂಟು. ಹಗಲು ಮಾಸ್ತರಿಕೆ ಮಾಡಿ ರಾತ್ರಿ ವೇಷ ಕಟ್ಟುವವನು ಹವ್ಯಾಸಿ. ಇಬ್ಬರಲ್ಲಿ ಯಾರು ದೊಡ್ಡ ಕಲಾವಿದ ಎಂಬುದಕ್ಕೂ ಈ ಭೇದಕ್ಕೂ ಸಂಬಂಧವಿಲ್ಲ. ಬಿಲಿಯರ್ಡ್ಸ್‌ನಲ್ಲಿ ಈ ಎರಡು ಲೋಕಗಳು ಬಹುಕಾಲ ಬೇರೆ ಬೇರೆ ಪ್ರಶಸ್ತಿಗಳನ್ನೇ ಇಟ್ಟುಕೊಂಡಿದ್ದವು.

19ನೇ ಶತಮಾನದ ಇಂಗ್ಲೆಂಡಿನ ಅತಿ ದೊಡ್ಡ ವೃತ್ತಿಪರ ಆಟಗಾರ ಜಾನ್ ರಾಬರ್ಟ್ಸ್. ಈತ ಹಲವು ಬಾರಿ ಭಾರತಕ್ಕೆ ಬಂದ. ಜೈಪುರದ ಮಹಾರಾಜರು ಈತನನ್ನು ಜೀವಿತಾವಧಿಯ ಆಸ್ಥಾನ ಬಿಲಿಯರ್ಡ್ಸ್ ಆಟಗಾರನನ್ನಾಗಿ ನೇಮಿಸಿ ವರ್ಷಾಶನ ಗೊತ್ತುಮಾಡಿದ್ದರು. ಆಸ್ಥಾನ ವಿದ್ವಾಂಸರಿರುವ ದೇಶದಲ್ಲಿ ಆಸ್ಥಾನ ಬಿಲಿಯರ್ಡ್ಸ್ ಆಟಗಾರನೂ ಇರಲಿ ಎಂದಿರಬೇಕು! 1885ರಲ್ಲಿ ಕಲ್ಕತ್ತೆಯಲ್ಲಿ ಕೂಚ್ ಬಿಹಾರದ ಮಹಾರಾಜರ ಭೋಜನಕೂಟದಲ್ಲಿ ಈತ ಚೇಂಬರ್ಲೇನನನ್ನು ಭೇಟಿಯಾಗಿ ಸ್ನೂಕರ್ ನಿಯಮಗಳನ್ನು ತಿಳಿದುಕೊಂಡ. ಆಟ ಇಂಗ್ಲೆಂಡಿಗೆ ಹೋದದ್ದು ಹೀಗೆ, ರಾಜರ ಊಟದ ಮೇಜಿನ ಮೂಲಕ.

ಆಗ ಸ್ನೂಕರ್ ಯಾರಿಗೂ ಲೆಕ್ಕಕ್ಕಿರಲಿಲ್ಲ; ಕಾಸು ತರುತ್ತಿದ್ದದ್ದು ಬಿಲಿಯರ್ಡ್ಸ್. ಟಿಕೆಟ್ ಕೊಂಡು ಜನ ಬರುತ್ತಿದ್ದರು. ಆ ಆಟವನ್ನು ಮುಳುಗಿಸಿದ್ದು ಕಳಪೆ ಆಟವಲ್ಲ, ಅತಿ ಶ್ರೇಷ್ಠ ಆಟ. ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ 1932ರ ಜನವರಿಯಲ್ಲಿ ಲಂಡನ್ನಿನಲ್ಲಿ ಜೋ ಡೇವಿಸ್ ವಿರುದ್ಧ ಒಂದೇ ಸರದಿಯಲ್ಲಿ 4,137 ಅಂಕ ಗಳಿಸಿದ. ಮೂರು ಚೆಂಡುಗಳನ್ನು ಅಂಚಿನ ಬಳಿ ಕೂಡಿಸಿ, ಬೆರಳಗಲದ ಜಾಗದಲ್ಲಿ ಕೋಲಿನಿಂದ ಮೆಲ್ಲಗೆ ತಟ್ಟುತ್ತ, ಎರಡೆರಡೇ ಅಂಕ ಸೇರಿಸುತ್ತ ಹೋಗುವುದು ಅವನ ವಿದ್ಯೆ. ಎದುರಾಳಿ ಕುರ್ಚಿಯಲ್ಲಿ ಕೂತೇ ಇರಬೇಕು. ಪ್ರೇಕ್ಷಕನೂ ಅಷ್ಟೆ, ಎರಡನೆಯ ಸಾಲಿನಲ್ಲಿರುವವನಿಗೆ ಲಿಂಡ್ರಮ್‌ನ ಬೆನ್ನಲ್ಲದೆ ಬೇರೇನೂ ಕಾಣದು. ಇಂತಿಷ್ಟು ಅಂಕಗಳಿಗೊಮ್ಮೆ ಚೆಂಡು ಮೇಜಿನ ಆಚೆ ತುದಿಯ ಗೆರೆ ದಾಟಲೇಬೇಕೆಂದು ನಿಯಮ ತಂದರು. ಅಷ್ಟರಲ್ಲಿ ಜನ ಎದ್ದು ಹೋಗಿದ್ದರು. 1934ರ ಬಳಿಕ ವೃತ್ತಿಪರ ಬಿಲಿಯರ್ಡ್ಸ್‌ನ ವಿಶ್ವ ಚಾಂಪಿಯನ್‌ಶಿಪ್ ವರ್ಷಗಟ್ಟಲೆ ನಡೆಯಲೇ ಇಲ್ಲ. ಒಬ್ಬನೇ ಭಾಗವತ ರಾತ್ರಿಯಿಡೀ ಒಂದೇ ರಾಗವನ್ನು ಎಳೆದರೆ, ಅದೆಷ್ಟೇ ಶುದ್ಧವಾಗಿರಲಿ, ಸಭೆ ಚಹಾದಂಗಡಿಗೆ ಹೋಗುವುದು ಸಹಜವಲ್ಲವೆ?

ಅದೇ ಜೋ ಡೇವಿಸ್ ಕುರ್ಚಿಯಲ್ಲಿ ಕೂತು ಪಾಠ ಕಲಿತವನಂತೆ ಸ್ನೂಕರ್‌ನ ಪಾಲಿಗೆ ಯಜಮಾನನಾದ. 1927ರಲ್ಲಿ ಮೊದಲ ವೃತ್ತಿಪರ ವಿಶ್ವ ಸ್ನೂಕರ್ ಸ್ಪರ್ಧೆ ನಡೆಯುವಂತೆ ಮಾಡಿ ಗೆದ್ದಾಗ ಅವನ ಕೈಗೆ ಬಂದದ್ದು ಆರೂವರೆ ಪೌಂಡ್. 1946ರವರೆಗೆ 15 ಬಾರಿ ಗೆದ್ದು, ಸೋಲದೆಯೇ ವಿಶ್ವ ಸ್ಪರ್ಧೆಯಿಂದ ನಿವೃತ್ತನಾದ. 1969ರಲ್ಲಿ ಬಿಬಿಸಿ ಬಣ್ಣದ ಪ್ರಸಾರಕ್ಕೆ ಒಪ್ಪುವ ಆಟ ಹುಡುಕುತ್ತ ಬಣ್ಣದ ಚೆಂಡುಗಳ ಈ ಆಟವನ್ನು ಪರದೆಗೆ ತಂದ ಮೇಲೆ ಸ್ನೂಕರ್ ಅಲ್ಲಿ ಮನೆಮಾತಾಯಿತು, ಆಟಗಾರರು ಶ್ರೀಮಂತರಾದರು. ಬಿಲಿಯರ್ಡ್ಸ್ ಉಳಿದದ್ದು ಹವ್ಯಾಸಿಗಳ ಕೈಯಲ್ಲಿ. ಭಾರತೀಯರ ಪಾಳಿ ಬಂದದ್ದೂ ಅಲ್ಲಿಯೇ.

ಹವ್ಯಾಸಿಗಳ ದೇಶ

ಮುಂಬಯಿಯ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ವೈಯಕ್ತಿಕ ಕ್ರೀಡೆಯೊಂದರಲ್ಲಿ ಸ್ವತಂತ್ರ ಭಾರತದ ಮೊದಲ ವಿಶ್ವ ಚಾಂಪಿಯನ್ ಇವರು. 1964ರಲ್ಲಿ ಮತ್ತೆ ಗೆದ್ದರು. ನಂತರ ಬಂದ ಮೈಕೆಲ್ ಫೆರೇರಾ 1977, 1981 ಮತ್ತು 1983ರಲ್ಲಿ ಗೆದ್ದರು. 1981ರಲ್ಲಿ ತಮಗೆ ಬಂದ ಪದ್ಮಶ್ರೀಯನ್ನು ಫೆರೇರಾ ನಿರಾಕರಿಸಿದ ಪ್ರಸಂಗ ಪ್ರಸಿದ್ಧ. ಕ್ರಿಕೆಟಿನ ಸುನಿಲ್ ಗಾವಸ್ಕರ್‌ಗೆ ಪದ್ಮಭೂಷಣ ಕೊಡಬಹುದಾದರೆ ವಿಶ್ವ ಚಾಂಪಿಯನ್ ಆದ ತನಗೇಕೆ ಇಲ್ಲ ಎಂಬುದು ಅವರ ವಾದ. 1983ರಲ್ಲಿ ಸರ್ಕಾರ ಪದ್ಮಭೂಷಣವನ್ನೇ ಕೊಟ್ಟಿತು. ಇದನ್ನು ಅಹಂಕಾರವೆಂದು ಬರೆದವರಿದ್ದರು. ಈ ಲೇಖಕನಿಗೆ ಹಾಗನ್ನಿಸುವುದಿಲ್ಲ. ಕಾಣದ ಕೋಣೆಯಲ್ಲಿ ಆಡುವ ಆಟಗಾರ ತನ್ನ ಪರವಾಗಿ ತಾನೇ ಕೂಗಬೇಕಾಗುತ್ತದೆ.

ಅಹಮದಾಬಾದಿನ ಗೀತ್ ಸೇಠಿ ಹವ್ಯಾಸಿ ಪ್ರಶಸ್ತಿಗಳ ಜೊತೆಗೆ ವೃತ್ತಿಪರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನೂ ಐದು ಬಾರಿ ಗೆದ್ದರು. ಮೊದಲನೆಯದು 1992ರಲ್ಲಿ, ಕೊನೆಯದು 2006ರಲ್ಲಿ. 1992ರಲ್ಲಿಯೇ ಅವರು ಒಂದೇ ಸರದಿಯಲ್ಲಿ 1,276 ಅಂಕ ಗಳಿಸಿದ್ದರು. ಸ್ನೂಕರ್‌ನಲ್ಲಿ ಓಂ ಅಗರವಾಲ್ 1984ರಲ್ಲಿ ಡಬ್ಲಿನ್ನಿನಲ್ಲಿ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು.

ವಸಂತನಗರದ ಮೇಜುಗಳು

ಬೆಂಗಳೂರಿನ ವಸಂತನಗರದಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ನೆಲೆಯಿದೆ. ಹೊರಗಿನಿಂದ ನೋಡಿದವರಿಗೆ ಅದರ ಮಹತ್ವ ತಿಳಿಯದು. ಆದರೆ ರಾಷ್ಟ್ರೀಯ ಸ್ಪರ್ಧೆಗಳೂ ವಿಶ್ವ ಸ್ಪರ್ಧೆಗಳೂ ನಡೆದ ಊರು ಬೆಂಗಳೂರು. ಅದಕ್ಕೆ ಬೆನ್ನೆಲುಬಾಗಿ ನಿಂತದ್ದು ಈ ಸಂಸ್ಥೆ.

ಪಂಕಜ್ ಆಡ್ವಾಣಿ ಹುಟ್ಟಿದ್ದು ಪುಣೆಯಲ್ಲಿ, 1985ರ ಜುಲೈ 24ರಂದು. ಕುವೈತಿನಲ್ಲಿದ್ದ ಕುಟುಂಬ ಕೊಲ್ಲಿ ಯುದ್ಧದ ಸಮಯದಲ್ಲಿ ಅಲ್ಲಿಂದ ಹೊರಟು ಬೆಂಗಳೂರಿಗೆ ಬಂದು ನೆಲೆಸಿತು. ಹತ್ತು ವರ್ಷದ ಹುಡುಗ ಅಣ್ಣ ಶ್ರೀಯ ಹಿಂದೆ ಸ್ನೂಕರ್ ಪಾರ್ಲರಿಗೆ ಹೋಗಿ ನೋಡುತ್ತ ನಿಂತ. ಬಳಿಕ ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ ಸವೂರ್ ಅವರ ಕೈಯಲ್ಲಿ ಪಳಗಿದ. 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದಾಗ ವಯಸ್ಸು 18. ಎರಡು ವರ್ಷಗಳ ನಂತರ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳನ್ನು, ಎಂದರೆ ಅಂಕಗಳ ಲೆಕ್ಕದ್ದನ್ನೂ ಗಡಿಯಾರದ ಲೆಕ್ಕದ್ದನ್ನೂ, ಒಂದೇ ಕೂಟದಲ್ಲಿ ಗೆದ್ದರು. 2008ರಲ್ಲಿ ಅದೇ ಸಾಧನೆಯನ್ನು ಬೆಂಗಳೂರಿನಲ್ಲೇ ಪುನರಾವರ್ತಿಸಿದರು. 2009ರಲ್ಲಿ ಲೀಡ್ಸ್‌ನಲ್ಲಿ ಮೈಕ್ ರಸೆಲ್‌ರನ್ನು ಮಣಿಸಿ ವೃತ್ತಿಪರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನೂ ತಂದರು. 2006ರ ದೋಹಾ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ. 2024ರ ಕೊನೆಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಖೇಲ್ ರತ್ನ, ಪದ್ಮಶ್ರೀ, 2018ರಲ್ಲಿ ಪದ್ಮಭೂಷಣ ಎಲ್ಲವೂ ಬಂದವು.

ಅಚ್ಚರಿಯ ಸಂಗತಿ ಬೇರೆಯಿದೆ. ಇಷ್ಟೆಲ್ಲ ಗೆದ್ದವರು 2012ರಲ್ಲಿ ಇಂಗ್ಲೆಂಡ್ ಕೇಂದ್ರಿತ ವೃತ್ತಿಪರ ಸ್ನೂಕರ್ ತಿರುಗಾಟಕ್ಕೆ ಸೇರಿದರು. 2013ರ ವೆಲ್ಷ್ ಓಪನ್‌ನಲ್ಲಿ ಎಂಟರ ಘಟ್ಟ ತಲುಪಿದರು. ಶ್ರೇಯಾಂಕಕ್ಕೆ ಲೆಕ್ಕವಾಗುವ ಕೂಟದಲ್ಲಿ ಭಾರತೀಯರೊಬ್ಬರು ಅಷ್ಟು ದೂರ ಹೋದದ್ದು ಅದೇ ಮೊದಲು. ಆದರೆ 2014ರಲ್ಲಿ ಹಿಂದೆ ಸರಿದರು. ಮೇಳದ ತಿರುಗಾಟದಲ್ಲಿ ಲಾರಿ, ಚೌಕಿ, ಊಟ ಎಲ್ಲವೂ ಯಜಮಾನನ ಹೊಣೆ. ಸ್ನೂಕರ್ ತಿರುಗಾಟದಲ್ಲಿ ವಿಮಾನ, ವಸತಿ, ಅಭ್ಯಾಸದ ಮೇಜು ಎಲ್ಲವೂ ಆಟಗಾರನ ಕಿಸೆಯಿಂದ. ಗೆದ್ದರೆ ಬಹುಮಾನದ ಹಣ, ಸೋತರೆ ವಾಪಸಿನ ಟಿಕೆಟ್. ಎರಡು ವರ್ಷದಲ್ಲಿ ಸಾಕಷ್ಟು ಗೆಲ್ಲದವನು ತಿರುಗಾಟದಿಂದ ಹೊರಗೆ. ಅದಕ್ಕೆ ಪ್ರತಿಯಾಗಿ ಇಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ನೌಕರಿಯಿತ್ತು, ಸಂಬಳವಿತ್ತು, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡನ್ನೂ ಆಡುವ ಸ್ವಾತಂತ್ರ್ಯವಿತ್ತು. ಹಿಂದೆ ಜೈಪುರದ ಮಹಾರಾಜರು ಕೂತಿದ್ದ ಕುರ್ಚಿಯಲ್ಲಿ ಈಗ ಸಾರ್ವಜನಿಕ ವಲಯದ ಉದ್ಯಮಗಳು ಕೂತಿವೆ ಎನ್ನಬಹುದು. ಭಾರತದ ಚಾಂಪಿಯನ್ನರಲ್ಲಿ ಅನೇಕರನ್ನು ಸಾಕಿದ್ದು ಈ ಕುರ್ಚಿ.

ಈ ಕಥೆಗೆ ಜೊತೆಯಾಗಿ ಹೇಳಬೇಕಾದದ್ದು ಉಮಾದೇವಿಯವರದು. ಕರ್ನಾಟಕ ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚು ಕೆಲಸ. 1990ರ ದಶಕದ ನಡುವೆ, ವಯಸ್ಸು 30ರ ಆಸುಪಾಸು ಇದ್ದಾಗ, ನೌಕರರ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋದರು. ಮೇಜು ಖಾಲಿಯಿರಲಿಲ್ಲ. ಕಾಯುತ್ತ ಪಕ್ಕದ ಬಿಲಿಯರ್ಡ್ಸ್ ಮೇಜಿನ ಕಡೆ ನೋಡಿದರು, ಕುತೂಹಲ ಹುಟ್ಟಿತು. ಕಚೇರಿ, ಮನೆ, ನಡುವೆ ಅಭ್ಯಾಸ. 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್. 2017ರ ಮಹಿಳಾ ದಿನದಂದು ರಾಷ್ಟ್ರಪತಿಯವರಿಂದ ನಾರೀಶಕ್ತಿ ಪುರಸ್ಕಾರ ಪಡೆದರು. ಹಾಕಿ ಆಡುತ್ತಿದ್ದ ಚಿತ್ರಾ ಮಗಿಮೈರಾಜ್ ಕೋಲು ಬದಲಿಸಿ ಈ ಮೇಜಿಗೆ ಬಂದು ವಿಶ್ವ ಮಟ್ಟದಲ್ಲಿ ಗೆದ್ದರು. ಬೆಂಗಳೂರಿನಲ್ಲಿ ನೆಲೆಸಿದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳಾ ವಿಶ್ವ ಸ್ನೂಕರ್‌ನ ಅಂತಿಮ ಪಂದ್ಯದಲ್ಲಿ ಹಾಂಗ್‌ಕಾಂಗಿನ ಎನ್‌ಜಿ ಆನ್ ಯೀ ಎದುರು ಕೊನೆಯ ಫ್ರೇಮಿನವರೆಗೂ ಹೋರಾಡಿ 5–6ರಿಂದ ಸೋತರು.

ಹುಡುಗನ ಕಥೆಯನ್ನೂ ಬೆರಳಚ್ಚುಗಾರ್ತಿಯ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬನಿಗೆ ಅಣ್ಣ ಹೋಗುತ್ತಿದ್ದ ಪಾರ್ಲರು, ಇನ್ನೊಬ್ಬರಿಗೆ ಕಚೇರಿಯ ಕ್ಲಬ್ಬು. ಇಬ್ಬರೂ ಆಟವನ್ನು ಹುಡುಕಿಕೊಂಡು ಹೋದವರಲ್ಲ. ನಡೆಯುವ ದೂರದಲ್ಲಿ ಮೇಜೊಂದು ಇತ್ತು, ಬಾಗಿಲು ತೆರೆದಿತ್ತು.

ಪಾರ್ಲರ್ ಎಂಬ ಕಳಂಕ

ಇನ್ನು ಪೂಲ್‌ನ ವಿಚಾರ. ಆಟಗಾರರೆಲ್ಲ ಸೇರಿ ಒಟ್ಟುಗೂಡಿಸುವ ಪಣದ ಹಣಕ್ಕೆ ಪೂಲ್ ಎನ್ನುತ್ತಿದ್ದರು. 19ನೇ ಶತಮಾನದ ಅಮೆರಿಕದಲ್ಲಿ ಪೂಲ್ ರೂಮ್ ಎಂದರೆ ಕುದುರೆ ಜೂಜಿನ ಕಟ್ಟೆ. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಗಿರಾಕಿಗಳು ಬೇಸರಪಡದಿರಲೆಂದು ಅಲ್ಲಿ ಮೇಜುಗಳನ್ನು ಇಟ್ಟರು. ಜೂಜಿನ ಹೆಸರು ಮೇಜಿಗೆ ಅಂಟಿತು, ಮೇಜಿನಿಂದ ಆಟಕ್ಕೆ. ಪಾಪ, ಮೇಜಿನದೇನೂ ತಪ್ಪಿರಲಿಲ್ಲ.

1990ರ ದಶಕದ ನಂತರ ನಮ್ಮ ನಗರಗಳಲ್ಲಿಯೂ ವಿದ್ಯಾರ್ಥಿಗಳು ತುಂಬಿದ ಪಟ್ಟಣಗಳಲ್ಲಿಯೂ ಪೂಲ್ ಮತ್ತು ಸ್ನೂಕರ್ ಪಾರ್ಲರುಗಳು ಕಾಣಿಸಿಕೊಂಡಾಗ ಈ ಹಳೆಯ ಸಂಶಯವೂ ಜೊತೆಗೇ ಬಂತು. ಮಂದ ಬೆಳಕು, ಗಂಟೆಯ ಲೆಕ್ಕದ ಬಾಡಿಗೆ, ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗರು. ಹೆತ್ತವರ ಆತಂಕ ಸುಳ್ಳೆನ್ನಲಾಗದು. ಪಣ ಕಟ್ಟುವವರು ಎಲ್ಲಿಯೂ ಇದ್ದಾರೆ, ಕೋಳಿ ಅಂಕದ ಸುತ್ತ ಇರುವಂತೆ. ಆದರೆ ಕ್ಲಬ್ಬಿನ ಸದಸ್ಯತ್ವವಿಲ್ಲದ ಮನೆಯ ಹುಡುಗನಿಗೆ ಮೇಜು ಸಿಗುವುದು ಅಲ್ಲಿ ಮಾತ್ರ. ಆಡ್ವಾಣಿಯವರೂ ಮೊದಲು ಹೋಗಿ ನಿಂತದ್ದು ಪಾರ್ಲರಿನಲ್ಲೇ ಎಂಬುದನ್ನು ಮರೆಯಲಾಗದು.

ಪಣದ ನೆರಳು ಎಷ್ಟು ಉದ್ದವೆಂಬುದಕ್ಕೆ ಬೆಂಗಳೂರಿಗೂ ಸಂಬಂಧಿಸಿದ ಒಂದು ಉದಾಹರಣೆಯಿದೆ. 2014ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಹವ್ಯಾಸಿ ಸ್ನೂಕರ್ ಕೂಟವನ್ನು ಚೀನಾದ ಯಾನ್ ಬಿಂಗ್‌ಟಾವ್ ಗೆದ್ದಾಗ ಅವನ ವಯಸ್ಸು ಕೇವಲ 14. 2021ರಲ್ಲಿ ಅದೇ ಹುಡುಗ ವೃತ್ತಿಪರರ ಪ್ರತಿಷ್ಠಿತ ಮಾಸ್ಟರ್ಸ್ ಗೆದ್ದ. 2023ರಲ್ಲಿ ಪಂದ್ಯಗಳ ಫಲಿತಾಂಶ ತಿರುಚಿದ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಹತ್ತು ಚೀನೀ ಆಟಗಾರರಲ್ಲಿ ಒಬ್ಬನಾಗಿ ಐದು ವರ್ಷದ ನಿಷೇಧಕ್ಕೆ ಗುರಿಯಾದ. ಇಬ್ಬರಿಗೆ ಆಜೀವ ನಿಷೇಧ. ಅದೇ ಪ್ರಕರಣದಲ್ಲಿ 20 ತಿಂಗಳ ಶಿಕ್ಷೆ ಮುಗಿಸಿ ಬಂದ ಝಾವ್ ಶಿನ್‌ಟಾಂಗ್ 2025ರಲ್ಲಿ ವಿಶ್ವ ಚಾಂಪಿಯನ್ ಆಗಿ, ಆ ಪಟ್ಟಕ್ಕೇರಿದ ಮೊದಲ ಚೀನೀಯನೆನಿಸಿದ. ಮನೆಯಿಂದ ದೂರ, ಸೋತರೆ ಬರಿಗೈ ಎಂಬ ತಿರುಗಾಟದಲ್ಲಿ ಎಳೆಯ ಹುಡುಗರ ಎದುರಿಗೆ ಹಣದ ಕಟ್ಟು ಹಿಡಿದು ನಿಲ್ಲುವವರು ಸುಲಭವಾಗಿ ಸಿಗುತ್ತಾರೆ. ಶಿಕ್ಷೆ ನ್ಯಾಯವಾದದ್ದೇ, ಆದರೂ 14 ವರ್ಷದ ಆ ಮುಖ ಬೆಂಗಳೂರಿನಲ್ಲಿ ಕಂಡವರಿಗೆ ನೆನಪಾಗದೆ ಇರದು.

ಚೀನಾ ಇಲ್ಲಿಯವರೆಗೆ ಬಂದದ್ದು ಮೇಜುಗಳನ್ನು ನೂರಾರು ಊರುಗಳಿಗೆ ಹರಡಿ, ಮಕ್ಕಳಿಗೆ ತರಬೇತಿ ಶಾಲೆಗಳನ್ನು ತೆರೆದು. ನಮ್ಮಲ್ಲಿ ಏಷ್ಯನ್ ಕ್ರೀಡಾಕೂಟದ ಆಸರೆಯೂ ತಪ್ಪಿತು. 1998ರ ಬ್ಯಾಂಕಾಕ್‌ನಿಂದ 2010ರವರೆಗೆ ಇದ್ದ ಈ ಆಟಗಳು ಮುಂದಿನ ಮೂರು ಕೂಟಗಳಲ್ಲಿ ಇರಲಿಲ್ಲ. ಪದಕದ ಪಟ್ಟಿಯಲ್ಲಿಲ್ಲದ ಆಟಕ್ಕೆ ಸರ್ಕಾರದ ಅನುದಾನವೂ ನೌಕರಿಯ ಮೀಸಲೂ ಹಿಂದೆ ಬೀಳುತ್ತವೆ.

ಕರಾವಳಿಯ ತೇವ

ಹಾಗಾದರೆ ಬಂಟ್ವಾಳದಂತಹ ಊರಿನಲ್ಲಿ ಮೇಜೊಂದನ್ನು ಇಡಲು ಏನು ಬೇಕು? ಪೂರ್ಣ ಅಳತೆಯ ಮೇಜು 12 ಅಡಿ ಉದ್ದ, ಆರು ಅಡಿ ಅಗಲ. ಕೋಲು ಹಿಂದಕ್ಕೆಳೆಯಲು ಸುತ್ತಲೂ ಜಾಗ ಬೇಕಾದ್ದರಿಂದ ಕೋಣೆ ಸುಮಾರು 22 ಅಡಿಗೆ 16 ಅಡಿ ಇರಬೇಕು. ಬನಾತಿನ ಕೆಳಗಿರುವುದು ಹಲಗೆಯಲ್ಲ, ಸ್ಲೇಟು ಕಲ್ಲು. ಐದು ಚಪ್ಪಡಿಗಳನ್ನು ಕೂಡಿಸಿ ಕೂದಲೆಳೆಯ ಸಂದೂ ಉಳಿಯದಂತೆ ಸಮಮಾಡುತ್ತಾರೆ. ಒಟ್ಟು ಭಾರ ಒಂದು ಟನ್ನಿಗೂ ಹೆಚ್ಚು. ಮುರಕಲ್ಲಿನ ಹಳೆಯ ಕಟ್ಟಡದ ಮರದ ಮಾಳಿಗೆಯ ಮೇಲೆ ಇದನ್ನು ಏರಿಸುವ ಸಾಹಸ ಬೇಡ.

ಅದಕ್ಕಿಂತ ದೊಡ್ಡ ಶತ್ರು ತೇವ. ಬನಾತು ಉಣ್ಣೆಯದು, ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಒದ್ದೆಯಾದ ಬನಾತಿನ ಮೇಲೆ ಚೆಂಡು ಭಾರವಾಗಿ ಉರುಳುತ್ತದೆ, ಅಂಚಿನ ರಬ್ಬರಿನಿಂದ ಹಿಂದಿರುಗುವ ಕೋನವೂ ಬದಲಾಗುತ್ತದೆ. ವೃತ್ತಿಪರ ಕೂಟಗಳಲ್ಲಿ ಇದಕ್ಕಾಗಿಯೇ ಸ್ಲೇಟಿನ ಅಡಿಯಲ್ಲಿ ವಿದ್ಯುತ್ ಕಾವು ಕೊಟ್ಟು ಮೇಜನ್ನು ಬೆಚ್ಚಗಿಡುತ್ತಾರೆ. ನೇತ್ರಾವತಿ ದಂಡೆಯಲ್ಲಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಲ್ಲಿ, ಈ ಖರ್ಚು ಸಣ್ಣದಲ್ಲ. ಬೆಂಗಳೂರು ಈ ಆಟದ ರಾಜಧಾನಿಯಾದುದರಲ್ಲಿ ಅಲ್ಲಿನ ಒಣ ಹವೆಯ ಪಾಲೂ ಇದ್ದೀತು.

ಆದರೆ ಆರಂಭಕ್ಕೆ 12 ಅಡಿ ಬೇಕೇಬೇಕೆಂದಿಲ್ಲ. ಏಳೆಂಟು ಅಡಿಯ ಪೂಲ್ ಮೇಜು ಸಾಧಾರಣ ತರಗತಿ ಕೋಣೆಯಲ್ಲಿ ನಿಲ್ಲುತ್ತದೆ, ಹಲವು ಮಕ್ಕಳು ಸರದಿಯಲ್ಲಿ ಆಡಬಹುದು. ಕಾಲೇಜಿನ ಕ್ರೀಡಾ ವಿಭಾಗವೋ ಪಟ್ಟಣದ ಯುವಕ ಮಂಡಲವೋ ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ ಅಂತಹದೊಂದನ್ನು ಇಟ್ಟರೆ ಹೆತ್ತವರ ಸಂಶಯಕ್ಕೂ ಹೆಣ್ಣುಮಕ್ಕಳ ಹಿಂಜರಿಕೆಗೂ ಅರ್ಧ ಉತ್ತರ ಸಿಕ್ಕಂತೆ. ಕೇರಂನಲ್ಲಿ ರೀಬೌಂಡ್ ಹೊಡೆಯಬಲ್ಲ ಹುಡುಗಿಗೆ ಕೋನದ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೋಲು ಹಿಡಿಯುವುದನ್ನಷ್ಟೇ ಕಲಿಸಿದರಾಯಿತು. ಆಟಿ ತಿಂಗಳಲ್ಲಿ ಮಾತ್ರ ಬನಾತಿಗೆ ದಿನವೂ ಇಸ್ತ್ರಿ ಹಾಕಬೇಕಾದೀತು.